ಅಜ್ಜಿ ಕಾರಿನ ಕೆಂಪು ಬಲ್ಬ್

ತಳ್ಳಿಕೊಂಡು ಬಂದ ಕಾರನ್ನು ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಹಾಲಿನ ಬಣ್ಣದ ಆ ಹಳೇ ಕಾರಿಗೆ ನಮ್ಮ ಗ್ಯಾರೇಜಿನಲ್ಲಿ ಇಟ್ಟ ಹೆಸರು ಅಜ್ಜಿ. ಹೋದ ವಾರವಷ್ಟೇ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಬಂದಾಗ ಹೊಸ ಬೆಲ್ಟ್ ಹಾಕಿ ಕಳಿಸಿದ್ದೆ.

ತಳ್ಳುತ್ತಿದ್ದವನು ಅದರ ಒಡೆಯ, ಪಕ್ಕದ ಬೀದಿಯ ಟೈಲರ್. ಬೆವರು ಒರೆಸಿಕೊಳ್ಳುತ್ತಾ ನಕ್ಕ. ಆ ನಗು ನನಗೆ ಇಷ್ಟ, ಮುಚ್ಚಿಡುವುದೇಕೆ? ಆದರೆ ಅಂದು ಅದನ್ನು ನೋಡಿ ಮೈಯೆಲ್ಲ ಉರಿಯಿತು.

"ಬ್ಯಾಟರಿ ಮತ್ತೆ ಡೌನ್," ಅಂದ.

"ನೋಡಿದ್ಯಾ?" ಅಣ್ಣ ಸ್ಪ್ಯಾನರ್ ಕೆಳಗಿಟ್ಟ. ಗ್ಯಾರೇಜು ಅವನದು. "ಎಲೆಕ್ಟ್ರಿಕಲ್ ಕೆಲ್ಸ ಹೆಣ್ಮಕ್ಕಳ ಕೈಗೆ ಕೊಡ್ಬೇಡ ಅಂತ ಎಲ್ರೂ ಹೇಳಿದ್ರು. ಇದೊಂದು ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀನು ಆಫೀಸ್ ರೂಮಲ್ಲಿ ಕೂತು ಫೋನ್ ಎತ್ತು, ಸಾಕು."

"ಫೋನ್ ನೀನೇ ಎತ್ಕೋ. ನಾನು ಬಾನೆಟ್ ಎತ್ತೋಳು."

ಬೆಲ್ಟ್ ಬಿಗಿಯಾಗಿತ್ತು. ವೈರುಗಳೂ ಸರಿಯಿದ್ದವು. ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ ಮೀಟರ್ ಹಿಡಿದೆ. ಇಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ಬರಬೇಕು. ಮುಳ್ಳು ಹನ್ನೆರಡು ದಾಟಲಿಲ್ಲ. ಆಲ್ಟರ್ನೇಟರ್ ಬ್ಯಾಟರಿಗೆ ಚೂರೂ ಕರೆಂಟ್ ಕೊಡುತ್ತಿರಲಿಲ್ಲ. ಹಿಂದೆ ಅಣ್ಣ ಗಂಟಲು ಸರಿಮಾಡಿಕೊಂಡ. ನಾನು ತಿರುಗಿ ನೋಡಲಿಲ್ಲ.

ಇಂಜಿನ್ ಆರಿಸಿ ಕೀ ಮಾತ್ರ ತಿರುಗಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಲಿಲ್ಲ. ಹಿಂಬದಿಗೆ ಕೈ ತೂರಿಸಿದೆ. ಬಲ್ಬಿನ ಹೋಲ್ಡರ್ ಖಾಲಿ!

ಇಂಥ ಹಳೇ ಕಾರುಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಬಲ್ಬ್ ಇಲ್ಲದಿದ್ದರೆ ಚಾರ್ಜಿಂಗ್ ಇಲ್ಲ. ಹೋದ ವಾರ ಇದನ್ನು ನಾನು ಒಬ್ಬನಿಗೆ ಮಾತ್ರ ಬಿಡಿಸಿ ಹೇಳಿದ್ದೆ. ಅವನು ಬಲ್ಬ್ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ, ನಾನೂ ಒಳಗೊಳಗೇ ಹಿಗ್ಗಿದ್ದೆ.

"ಕೊಡ್ರೀ," ಕೈ ಚಾಚಿದೆ.

ಟೈಲರ್ ಜೇಬಿನಿಂದ ಬಲ್ಬ್ ತೆಗೆದ. ಕಿವಿ ಕೆಂಪಗಾಗಿತ್ತು. "ಕಾರು ಸರಿಯಿದ್ರೆ ಇಲ್ಲಿಗೆ ಬರೋಕೆ ನನಗೆ ಏನು ನೆಪ ಇದೆ?" ಎಂದು ಪಿಸುಗುಟ್ಟಿದ.

ಒಂದು ಕ್ಷಣ ನನಗೆ ಖುಷಿಯಾಯಿತು, ಸುಳ್ಳೇಕೆ? ಮರುಕ್ಷಣವೇ ಪಿತ್ತ ನೆತ್ತಿಗೇರಿತು.

"ನಿಮ್ಮ ನೆಪಕ್ಕೆ ನನ್ನ ಕೆಲ್ಸ ಹೋಗ್ತಿತ್ತು ಕಣ್ರೀ! ನಾನು ಬೇಕಿದ್ರೆ ಬಾಯಿಬಿಟ್ಟು ಕೇಳಿ. ನಾನು ಮಾಡಿದ ಕೆಲ್ಸ ಕೆಡಿಸ್ಬೇಡಿ."

ಅವನ ಮುಖ ಬಿಳಿಚಿಕೊಂಡಿತು. ಅಣ್ಣ ಹೇಳಿದ್ದು ತಮಾಷೆಗೆ ಅಂದುಕೊಂಡಿದ್ದನಂತೆ. ನೇರ ಹೋಗಿ ಅಣ್ಣನೆದುರು ನಿಂತ.

"ಬಲ್ಬ್ ಕಿತ್ತಿದ್ದು ನಾನು. ಅವರ ಕೆಲ್ಸದಲ್ಲಿ ಒಂದು ತಪ್ಪೂ ಇಲ್ಲ. ಅವರನ್ನ ನೋಡೋಕೆ ಹೀಗ್ ಮಾಡ್ದೆ. ಅವರಂದ್ರೆ ನನಗೆ ತುಂಬಾ ಇಷ್ಟ."

ಇಡೀ ಗ್ಯಾರೇಜಿಗೆ ಕೇಳಿಸಿತು. ಅಣ್ಣನ ಮೂಗಿನ ಹೊಳ್ಳೆ ಅರಳಿತು. "ರೀ, ಕಾರು ತಗೊಂಡು ಹೊರಡಿ. ಇನ್ನು ಈ ಕಡೆ ತಲೆ ಹಾಕ್ಬೇಡಿ!"

ಬಲ್ಬ್ ಕೂರಿಸಿ ಸ್ಟಾರ್ಟ್ ಮಾಡಿದೆ. ಹದಿನಾಲ್ಕು! ಮೀಟರನ್ನು ಅಣ್ಣನ ಮೂಗಿನ ಕೆಳಗೇ ಹಿಡಿದೆ. "ನೋಡ್ಕೋ. ಇಲ್ಲಿ ಎಲೆಕ್ಟ್ರಿಕಲ್ ಕೆಲ್ಸ ನಂದೇ. ನನ್ನನ್ನ ನೋಡೋಕೆ ಯಾರು ಬರ್ಬೇಕು, ಯಾರು ಬರ್ಬಾರ್ದು ಅಂತಾನೂ ನಾನೇ ಹೇಳ್ತೀನಿ."

ಅಣ್ಣ ಮೀಟರಿನ ಮುಳ್ಳು ನೋಡಿದ, ಮತ್ತೆ ಸ್ಪ್ಯಾನರ್ ಎತ್ತಿಕೊಂಡ.

ಟೈಲರ್ ತಲೆ ತಗ್ಗಿಸಿ ಕಾರು ಹತ್ತಿದ. ನಾನು ಕಿಟಕಿಗೆ ಬಗ್ಗಿದೆ. ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಅಷ್ಟು ಜನರೆದುರು ಅವನು ಆಡಿದ ಮಾತು ಕಿವಿಯಲ್ಲೇ ಕುಳಿತಿತ್ತು.

"ನಾಳೆ ಸಂಜೆ ಬನ್ನಿ," ಅಂದೆ. "ಕಾರು ಬೇಡ. ನಡ್ಕೊಂಡೇ ಬನ್ನಿ."