ಐವರ ಕೈಗೆ ಬೀಗದಕೈ

"ಇಷ್ಟೊತ್ತಿಗೆ ಓಟು ಹಾಕಿರ್ತೀರಿ ಅಂದ್ಕೊಂಡೆ," ಎನ್ನುತ್ತ ಲಿಫ್ಟಿನವನು ಆಸ್ಪತ್ರೆ ಕ್ಯಾಂಟೀನಿನ ಮೂಲೆ ಮೇಜಿಗೆ ಬಂದು ಕೂತ.

"ಇನ್ನೂ ಇಲ್ಲ." ನರ್ಸ್ ತಲೆಯೆತ್ತಲಿಲ್ಲ. ಎತ್ತಿದರೆ ಅವನ ಆ ಕಣ್ಣು. ಅದರ ಅಂಚಿನಲ್ಲಿ ಸದಾ ಅರ್ಧ ಮಡಿಚಿಟ್ಟ ನಗು.

ಹಾಸಿಗೆ ಹಿಡಿದವರಿಗೆ ಕಾವ್ಯ ಓದಿ ಕೇಳಿಸುವ ಆನ್‌ಲೈನ್ ಬಳಗದ ಓಟು ಅದು. ಲಿಫ್ಟ್ ರಿಪೇರಿಯ ಬಿಡುವಿನಲ್ಲಿ ಬಳಗವನ್ನು ಅವನೇ ಕಟ್ಟಿದ್ದು. ಎಲ್ಲೆಲ್ಲಿಂದಲೋ ಜನ ಓದಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಅವಳು ವಾರ್ಡಿನಲ್ಲಿ ಫೋನನ್ನು ರೋಗಿಗಳ ಕಿವಿಗೆ ಹಿಡಿಯುತ್ತಿದ್ದಳು. ಅವನ ದನಿ ಕೇಳಿ ಕೇಳಿಯೇ ಅವಳು ಮನಸೋತದ್ದು. ಎಲ್ಲಕ್ಕೂ ಓಟು ಎಂಬ ಪದ್ಧತಿ ತಂದವನೂ ಅವನೇ. ಸೈಟಿನ ಬೀಗದಕೈಯಂಥ ಪಾಸ್‌ವರ್ಡನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿದ್ದ.

ಹೋದ ವಾರ ಯಾರೋ "ಮಹಾರಾಜರೇ" ಎಂದು ಹಂಗಿಸಿದ ಸಿಟ್ಟಿಗೆ ಸೈಟನ್ನೇ ಒಂದು ದಿನ ಮುಚ್ಚಿಬಿಟ್ಟ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ, ತೀರಿಹೋದ ತಂಗಿ ಹಿಂದೆ ಓದಿ ಕಳಿಸಿದ್ದನ್ನು ಕೇಳಿಸೆಂದು ಗೋಗರೆದದ್ದು ಅಂದೇ. ಅದನ್ನು ಕೇಳದೆಯೇ ಸಂಜೆಗೆ ಅಜ್ಜಿಯ ಉಸಿರು ನಿಂತಿತು.

ಪಾಸ್‌ವರ್ಡ್ ಇನ್ನು ತಾವು ಆಗಲೇ ಆರಿಸಿದ್ದ ಐವರ ಬಳಿ ಇರಲೇ ಎಂದು ಸದಸ್ಯರು ಓಟಿಗಿಟ್ಟರು. ಎರಡೂ ಕಡೆ ಸಮ ಬಿತ್ತು. ಸಮ ಬಿದ್ದರೆ ಬಳಗದ ಉಸ್ತುವಾರಿಯ ಓಟೇ ಕೊನೆ. ಉಸ್ತುವಾರಿ ಅವಳು.

"ನಾನು ಕಟ್ಟಿದ್ದು ಕಣ್ರೀ ಅದು."

"ಗೊತ್ತು. ಒಳಗಿರೋ ದನಿಗಳು ನಿಮ್ಮವಲ್ಲ."

"ಕ್ಷಮೆ ಕೇಳಿದೀನಲ್ಲ?"

"ಯಾರನ್ನ? ಅಜ್ಜಿ ಹೋಗ್ಬಿಟ್ರು."

ಅವನು ಲೋಟವನ್ನು ಸುಮ್ಮನೆ ತಿರುಗಿಸಿದ. "ನನ್ನ ಕೈ ಹಿಡಿಯೋರು ನೀವು. ಅಷ್ಟೂ ನಂಬಿಕೆ ಇಲ್ವಾ?"

ಆಗ ತಲೆಯೆತ್ತಿದಳು. ಅವನ ಕಣ್ಣಂಚಿನಲ್ಲಿ ನಗು ಇರಲಿಲ್ಲ.

"ಮನಸ್ಸು ನನ್ನದು, ನಿಮಗೆ ಕೊಟ್ಟಾಗಿದೆ. ವಾಪಸ್ ಕೇಳಲ್ಲ. ಬೀಗದಕೈ ನನ್ನದಲ್ವಲ್ಲ, ಹೇಗೆ ಕೊಡ್ಲಿ?"

ಅವಳ ಹೆಬ್ಬೆರಳು ಪರದೆಯ ಮೇಲೆ ಒತ್ತಿತು. ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

ತೆಗೆದು ನೋಡಿದ. ಅವಳ ಓಟು ಐವರ ಪರ. ಎಲ್ಲವನ್ನೂ ಅಳಿಸಿಹಾಕಲು ಈಗಲೂ ಅವನಿಗೊಂದು ಗುಂಡಿ ಸಾಕು. ಬೆರಳು ಅದರ ಮೇಲೆಯೇ ನಿಂತಿತ್ತು. ಬಹಳ ಹೊತ್ತಾದ ಮೇಲೆ ಏನೋ ಬರೆದು ಫೋನನ್ನು ಕವುಚಿಟ್ಟ.

"ಬೀಗದಕೈ ಐವರಿಗೂ ಕಳಿಸಿದೆ."

ಅವಳ ಕಣ್ಣು ತುಂಬಿತು.

"ಸಾದಾ ಸದಸ್ಯನಾಗಿ ಆದ್ರೂ ಇಟ್ಕೊಳ್ತೀರಾ?"

"ಐವರನ್ನ ಕೇಳ್ಬೇಕು."

"ನಿಮ್ಮನ್ನ ಕೇಳ್ತಿದೀನಿ."

ಅವನು ಎದ್ದ. ದಾಟಿ ಹೋಗುವಾಗ ಅವಳು ಅವನ ತೋಳಂಚನ್ನು ಹಿಡಿದಳು, ಗಟ್ಟಿಯಾಗಿ, ಒಂದು ಗಳಿಗೆ. ಆಮೇಲೆ ತಾನೇ ಬಿಟ್ಟಳು.