ಚೊಗರು ಹಿಡಿಯದ ಜಾಗ

ಮಡಚುವ ಚಾಕು ಬೇಗ ತುಕ್ಕು ಹಿಡಿಯಬಾರದೆಂದು ನಾನು ಅಲಗನ್ನು ಅಡಿಕೆ ಬೇಯಿಸಿ ಉಳಿದ ಒಗರು ನೀರಿನಲ್ಲಿ, ಚೊಗರಿನಲ್ಲಿ, ಅದ್ದಿಡುತ್ತೇನೆ. ಅಲಗು ಕಪ್ಪಾಗುತ್ತದೆ. ಜಿಡ್ಡಿನ ಕೈ ತಾಗಿದ ಜಾಗಕ್ಕೆ ಮಾತ್ರ ಬಣ್ಣ ಹಿಡಿಯುವುದಿಲ್ಲ.

ಈ ಚಾಕುವನ್ನು ಶಿರಸಿಯಲ್ಲಿ ಕೊಂಡದ್ದೆಂದು ಹೇಳಿ ಭಾವ ತಿಮ್ಮಪ್ಪ ನನಗೆ ಕೊಟ್ಟಿದ್ದ. ಸೀಗೆಪುಡಿ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಹಿಡಿದೇ ಅದ್ದಿದೆ. ಮಧ್ಯಾಹ್ನ ತೆಗೆದರೆ ಕಪ್ಪು ಅಲಗಿನ ನಡುವೆ ಒಂದು ಹೆಬ್ಬೆರಳಿನ ಗುರುತು ಬೆಳ್ಳಗೆ ಉಳಿದಿತ್ತು. ಅದರಲ್ಲಿ ಓರೆಯಾಗಿ, ಮಾಗಿದ ಗಾಯದ ಗೆರೆ. ಅಂಥ ಹೆಬ್ಬೆರಳು ಇದ್ದದ್ದು ನನ್ನ ಅಣ್ಣ ಬೈರನಿಗೆ. ಹೋದ ವರ್ಷ ಭಾವನ ಜೊತೆ ಜೇನು ಕೀಳಲು ಇಡಗುಂದಿಯ ಕಾಡಿಗೆ ಹೋದವನು ಇನ್ನೂ ಬಂದಿಲ್ಲ. ದಾರಿಯಲ್ಲೇ ಬೇರೆಯಾದೆವು ಎಂದಿದ್ದ ಭಾವ. ಅಕ್ಕನ ಗಂಡನಲ್ಲವೇ, ನಂಬಿದ್ದೆವು.

ಮರಳುಕಾಗದದಲ್ಲಿ ಉಜ್ಜಿ ಮತ್ತೆ ಅದ್ದಿದೆ. ಗುರುತು ಅಲ್ಲೇ ಬಂತು. ಚೊಗರು ತಣ್ಣಗಿತ್ತು, ಅಲಗೂ ತಣ್ಣಗಿತ್ತು. ಗುರುತಿನ ಮೇಲೆ ಬೆರಳಿಟ್ಟರೆ ಅಷ್ಟು ಜಾಗ ಮಾತ್ರ ಬೆಚ್ಚಗಿತ್ತು.

ಫೋನ್ ಮಾಡಿದೆ. "ಭಾವಾ, ಈ ಚಾಕು ಎಲ್ಲಿದು?"

"ಅಂಗಡಿದು ಮಾರಾಯಾ, ಹೊಸಾದು. ಎಂತಕ್ಕೆ?"

"ಚೊಗರಲ್ಲಿ ಅದ್ದಿದ್ದೆ."

ಭಾವ ಮೆಲ್ಲಗೆ ಕೇಳಿದ:

"ನಿಂಗೂ ಆ ಬೆರಳು ಬಂತಾ?"