ಏಳು ಗಂಟೆ ನಾಲ್ಕು ಸೆಕೆಂಡು

ಮಗಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಕಾಲಾಗಿ ಬಿಡಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಡಯಾಲಿಸಿಸ್ ಕೇಂದ್ರದ ನರ್ಸಮ್ಮ.

"ನಿನ್ನೆ ಸೋಮವಾರ ಯಾರಿಗೂ ಮೆಸೇಜೇ ಬಂದಿಲ್ವಂತೆ, ಯಾಕಮ್ಮಾ? ಪೋಸ್ಟ್‌ಮ್ಯಾನ್ ತಾತ ಸರದಿ ಮರೆತು ಮನೇಲೇ ಕೂತಿದ್ರು. ಈಗ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾರೆ."

ಬಾಚಣಿಗೆ ಕೈಯಿಂದ ಜಾರಿತು. ರೋಗಿಗಳಿಗೆ ಅವರವರ ಸರದಿ ನೆನಪಿಸುವುದು ತಾಯಿಯ ಕೆಲಸ. ನಿಜವಾಗಿ ಆ ಕೆಲಸ ಮಾಡುತ್ತಿದ್ದದ್ದು ಅವಳ ಕಂಪ್ಯೂಟರಿನ ಮ್ಯಾಕ್ರೋ. ಒಮ್ಮೆ ಹೇಳಿಕೊಟ್ಟರೆ ಸಾಕು, ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಎಲ್ಲ ಬಟನ್ನುಗಳನ್ನೂ ತಾನೇ ಒತ್ತುವ, ಮಾತಾಡದ ಆಳು.

ಓಡಿಹೋಗಿ ನೋಡಿದಳು. ಮ್ಯಾಕ್ರೋ ಆಫ್ ಆಗಿತ್ತು!

ಯಾರ ಕೈವಾಡ? ಗಂಡ ವಾರದಿಂದ ಊರಲ್ಲಿಲ್ಲ. ಭಾನುವಾರ ಕಂಪ್ಯೂಟರಿನ ಮುಂದೆ ಕೂತಿದ್ದವಳು ಒಬ್ಬಳೇ.

"ಗುಬ್ಬೀ! ಆಟ ಆಡೋವಾಗ ಏನು ಒತ್ತಿದೆ?"

"ನಾನಲ್ಲಮ್ಮ."

"ಮತ್ತೆ ಭೂತ ಬಂದು ಒತ್ತಿತಾ?"

ಒಂದೇ ಜಡೆಯ ಹುಡುಗಿ ತುಟಿ ಕಚ್ಚಿಕೊಂಡು ಬಾಗಿಲ ಮರೆಗೆ ಸರಿದಳು. ಶಾಲೆಯ ವ್ಯಾನು ಬಂದು, ಹಾರ್ನ್ ಹೊಡೆದು, ಹೊರಟೇಹೋಯಿತು. ತಾಯಿ ಅಂದಿನ ಮೆಸೇಜುಗಳನ್ನೆಲ್ಲ ಕೈಯಾರೆ ಕಳಿಸಿ, ಕಂಪ್ಯೂಟರ್ ರಿಪೇರಿ ಮಾಡುವ ತಮ್ಮನನ್ನು ಕರೆಸಿದಳು.

"ಆರೋಪಿ ಯಾರಕ್ಕ?"

"ನಿನ್ನ ಮುದ್ದಿನ ಸೊಸೆ."

"ವಿಚಾರಣೆಗೆ ಮೊದಲೇ ಶಿಕ್ಷೆ ಕೊಟ್ಟಾಯ್ತು ಅನ್ನು." ಅವನು ಸಾಫ್ಟ್‌ವೇರ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ ತೆರೆದ. ಹುಬ್ಬು ಮೇಲೇರಿತು. "ಆಫ್ ಆಗಿರೋದು ಭಾನುವಾರ ಅಲ್ಲ. ಶನಿವಾರ ಬೆಳಿಗ್ಗೆ, ಏಳು ಗಂಟೆ ನಾಲ್ಕು ಸೆಕೆಂಡಿಗೆ. ಆಗ ಇವಳೆಲ್ಲಿದ್ಲು?"

ತಾಯಿ ಮಗಳ ಒಂಟಿ ಜಡೆಯತ್ತ ನೋಡಿ ಹೇಳಿದಳು: "ಏಳಕ್ಕೆ ಜಡೆ. ದಿನಾ. ನನ್ನ ಕೈಯಲ್ಲೇ."

"ಮನೇಲಿದ್ದವರು ಇಬ್ಬರೇ. ಇಬ್ಬರ ಕೈಯೂ ಇಲ್ಲಿರಲಿಲ್ಲ. ಏಳಕ್ಕೆ ಕೆಲಸ ಶುರು, ನಾಲ್ಕೇ ಸೆಕೆಂಡಿಗೆ ಆಫ್! ಮ್ಯಾಕ್ರೋ ತನ್ನನ್ನ ತಾನೇ ಆಫ್ ಮಾಡ್ಕೊಂಡಿದೆ ಅಕ್ಕ. ನೋಡು, ಕೊನೇ ಸಾಲು: ಕಳಿಸಿದ ಮೇಲೆ ನೀನೇ ಆಫ್ ಆಗು. ಶುಕ್ರವಾರ ಮಧ್ಯಾಹ್ನ ಸೇರಿಸಿದ್ದು. ಯಾರು?"

ಶುಕ್ರವಾರ. ಒಗೆದ ಬಟ್ಟೆ ಹರವುವ ನಡುವೆ, ಒದ್ದೆ ಕೈಯಲ್ಲೇ ಕೀಬೋರ್ಡಿನ ಕೀಲಿಗಳನ್ನು ಒತ್ತಿದ್ದು ನೆನಪಾಯಿತು.

"ನಾನೇ," ಎಂದಳು. "ಭಾನುವಾರ ಕೇಂದ್ರಕ್ಕೆ ಸುಣ್ಣಬಣ್ಣ, ರಜೆ. ಅವತ್ತು ಮೆಸೇಜು ಹೋಗ್ಬಾರದು ಅಂತ... ಸೋಮವಾರ ಎದ್ದ ತಕ್ಷಣ ಆನ್ ಮಾಡಿದ್ರಾಯ್ತು ಅಂದ್ಕೊಂಡಿದ್ದೆ. ಮರೆತೇಹೋಯ್ತು."

"ಮಲಗು ಅಂದ್ರೆ ಮಲಗುತ್ತೆ. ಆದ್ರೆ ತಾನೇ ಏಳೋಕೆ ಅದಕ್ಕೆ ಎಚ್ಚರ ಎಲ್ಲಿರುತ್ತೆ? ಎಬ್ಬಿಸೋಳು ನೀನೇ ಆಗಿದ್ದೆ."

ತಾಯಿ ನರ್ಸಮ್ಮನಿಗೆ ಫೋನು ಮಾಡಿ, ತಪ್ಪು ತನ್ನದೇ ಎಂದಳು. ತಾತನ ಉಸಿರು ಸುಧಾರಿಸಿದೆ, ಆದರೆ ಇನ್ನೂ ಮೂರು ದಿನ ಆಸ್ಪತ್ರೆಯಲ್ಲೇ ಇರಬೇಕಂತೆ.

ಬಾಚಣಿಗೆ ಎತ್ತಿಕೊಂಡು ಮಗಳ ಹಿಂದೆ ಕೂತಳು. ಬಿಡಿಸಿಟ್ಟ ಮೂರು ಕಾಲುಗಳೂ ಸಿಕ್ಕುಗಟ್ಟಿದ್ದವು. ಒಂದೊಂದಾಗಿ ಮೆತ್ತಗೆ ಬಿಡಿಸತೊಡಗಿದಳು.

ಮಗಳು ತಿರುಗಿ ನೋಡಲಿಲ್ಲ. ಬೆಳಗಿನಿಂದ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಕೊನೆಗೂ ಕೇಳಿಯೇಬಿಟ್ಟಳು:

"ನಾನಲ್ಲ ಅಂತ ಆಗ್ಲೇ ಹೇಳಿದ್ನಲ್ಲಮ್ಮ. ಕಂಪ್ಯೂಟರ್ ಹೇಳಿದ್ಮೇಲೇನೇ ಯಾಕೆ ನಂಬಿದೆ?"